ದೊಡ್ಡ ಸಿಸ್ಟರ್ ಉಳಿಸಿಟ್ಟ ಕೆಲಸ

ಹೋದ ವಾರ ಅಂಗಡಿಗೆ ಆಲ್ಟರೇಷನ್‌ಗೆಂದು ಬಂದ ಬಟ್ಟೆಗಳಲ್ಲಿ ಒಂದು ನೀಲಿ ಸಮವಸ್ತ್ರವಿತ್ತು. ನಾಗರಬಾವಿಯ ಪೀಜಿಯೊಂದರಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿರುವ ಹುಡುಗಿ ಕೊಟ್ಟು ಹೋದದ್ದು. ಸೊಂಟ ಹಿಡಿಸಬೇಕು, ತೋಳು ಗಿಡ್ಡ ಮಾಡಬೇಕು, ಅಷ್ಟೇ. ಒಗೆದು ಇಸ್ತ್ರಿ ಮಾಡಿಯೇ ತಂದಿದ್ದಳು. ಆದರೂ ಹೊಲಿಗೆ ಬಿಚ್ಚಲು ಹತ್ತಿರ ಹಿಡಿದಾಗ ಒಳಮಡಿಕೆಯಿಂದ ಒಂದು ವಾಸನೆ ಬಂತು. ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ಟು, ಫಿನಾಯಿಲು, ಅದರ ಹಿಂದೆ ಎಲ್ಲೋ ಸ್ವಲ್ಪ ಬೆವರು... ಮಿಷನ್ ಆಫ್ ಮಾಡಿದೆ. ಆ ವಾಸನೆಯ ಜೊತೆಗೆ ನನಗೆ ನೆನಪಾಗುವವರು ಒಬ್ಬರೇ, ದೊಡ್ಡ ಸಿಸ್ಟರ್.

ಅವರ ಹೆಸರು ಗೊತ್ತಿಲ್ಲವೆಂದಲ್ಲ. ಎದೆಯ ಮೇಲೆ ಬ್ಯಾಡ್ಜ್ ಇರುತ್ತಿತ್ತು. ಆದರೆ ರಾಜಾಜಿನಗರದ ಆ ಆಸ್ಪತ್ರೆಯ ಮಕ್ಕಳ ಐಸಿಯುನಲ್ಲಿ ದೊಡ್ಡವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾವು ಕಿಟಕಿ ಪಕ್ಕದ ಬೆಡ್‌ನವರು, ಅವರು ಮೂಲೆ ಬೆಡ್‌ನವರು, ಇವರು ಬಾಗಿಲ ಹತ್ತಿರದವರು. ಎಲ್ಲ ನರ್ಸುಗಳಿಗೂ ಮೇಲಿನವರಾಗಿದ್ದ ಅವರು ದೊಡ್ಡ ಸಿಸ್ಟರ್. ಆಮೇಲೆ ಎಷ್ಟೋ ಸಲ ನಮ್ಮ ಮನೆಯಲ್ಲಿ ಊಟ ಮಾಡಿದರು, ನಾನು ಅವರ ಮನೆಗೆ ಹೋದೆ, ಆದರೂ ಬಾಯಿಗೆ ಬೇರೆ ಹೆಸರು ಬರಲೇ ಇಲ್ಲ.

ನಾನು ಹೊಲಿಯುವವಳು. ಮನುಷ್ಯರ ಮುಖಕ್ಕಿಂತ ಮೊದಲು ಬಟ್ಟೆಯ ಫಿಟ್ಟಿಂಗು ನನ್ನ ಕಣ್ಣಿಗೆ ಬೀಳುತ್ತದೆ. ಅವರ ಸಮವಸ್ತ್ರ ಹೊಲಿದವನ ಕೈಗೆ ಕತ್ತರಿ ಕೊಟ್ಟವರು ಯಾರೋ, ಭುಜ ಎರಡೂ ಕಡೆ ಜಾರಿ ಬೀಳುತ್ತಿತ್ತು, ಜೇಬು ಮಾತ್ರ ಚೀಲದಷ್ಟಿತ್ತು. ಆ ಜೇಬಿನಲ್ಲಿ ಪೆನ್ನು, ಟೇಪು, ಟಾರ್ಚು, ಕೆಲವೊಮ್ಮೆ ಪೇಪರ್‌ನಲ್ಲಿ ಸುತ್ತಿದ ಖಾರಾ ಬನ್ನು. ಗಟ್ಟಿ ದನಿ, ಗಿಡ್ಡ ಕೂದಲು, ಅರ್ಧ ಓಟ ಅರ್ಧ ನಡಿಗೆ. ಮಾಗಡಿ ಕಡೆಯವರು, ಕೆಂಗೇರಿಯಲ್ಲಿ ಮನೆ. ಎಲ್ಲರ ಮನೆಯ ವಿಷಯವೂ ಅವರಿಗೆ ಬೇಕು. ಯಾರ ಅತ್ತೆ ಹೇಗೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ವಿಚಾರಿಸುತ್ತಿದ್ದರು. ಮೊದಲ ದಿನ ನೋಡಿದಾಗ ಈ ಹೆಂಗಸಿಗೆ ಬೇರೆ ಕೆಲಸವಿಲ್ಲವೇ ಅಂದುಕೊಂಡಿದ್ದೆ.

ನನ್ನ ಮಗಳು ಆಗ ಒಂದನೇ ತರಗತಿ. ಒಂದು ಬೆಳಿಗ್ಗೆ ಎದ್ದು ಕಾಲು ಜೋಮು ಹಿಡಿದಿದೆ ಅಂದಳು. ಸ್ಕೂಲಿಗೆ ಚಕ್ಕರ್ ಹಾಕಲು ಹೊಸ ನಾಟಕ ಕಲಿತಿದ್ದಾಳೆ ಎಂದು ಕಳಿಸಿದೆವು. ಸಂಜೆ ಮನೆಯ ಮೆಟ್ಟಿಲು ಹತ್ತಲಾಗಲಿಲ್ಲ. ಮಾರನೆಯ ದಿನ ನೀರಿನ ಲೋಟ ಎತ್ತಲಾಗಲಿಲ್ಲ. ವಿಜಯನಗರದ ನಮ್ಮ ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿದವರು, ಕೂತ ಕುರ್ಚಿಯಿಂದ ಎದ್ದೇ ಬಿಟ್ಟು, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಕಾಯಿಲೆಯ ಹೆಸರು ಇಂದಿಗೂ ನನ್ನ ನಾಲಿಗೆಯ ಮೇಲೆ ಸರಿಯಾಗಿ ಹೊರಳುವುದಿಲ್ಲ. ಮೈಯೊಳಗಿನ ಕಾವಲು ತಪ್ಪು ತಿಳಿದು ತನ್ನದೇ ನರಗಳ ಮೇಲೆ ಬೀಳುತ್ತದಂತೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುತ್ತದಂತೆ. ವಾಸಿಯಾಗುತ್ತದೆ, ಆದರೆ ಉಸಿರಾಟದವರೆಗೆ ಬಂದರೆ ಅದು ಇಳಿಯುವ ತನಕ ಮಿಷನ್ನೇ ಉಸಿರಾಡಿಸಬೇಕು ಎಂದರು. ಬಂತು.

ಗಂಟಲಿಗೆ ಟ್ಯೂಬು ಹಾಕುವಾಗ ನಾನು ಬೆಡ್ಡಿನ ಪಕ್ಕದಲ್ಲೇ ಇದ್ದೆ. ಆ ಗಡಿಬಿಡಿಯಲ್ಲಿ ನನ್ನನ್ನು ಹೊರಗೆ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎಷ್ಟು ನೋಡಿದೆನೋ, ಎಷ್ಟು ನೋಡಲಿಲ್ಲವೋ... ಕಣ್ಣು ಬಿಟ್ಟಾಗ ಹೊರಗಿನ ಬೆಂಚಿನ ಮೇಲಿದ್ದೆ, ನಮ್ಮತ್ತೆ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಅವತ್ತಿನಿಂದ ನನ್ನ ಕೈಲಿ ಆ ಬಾಗಿಲು ದಾಟಲಾಗಲಿಲ್ಲ. ದಿನಕ್ಕೆ ಎರಡು ಹೊತ್ತು ಒಳಗೆ ಬಿಡುತ್ತಿದ್ದರು. ಚಪ್ಪಲಿ ಬಿಟ್ಟು, ಕೈ ತೊಳೆದು, ಗೌನು ಹಾಕಿಕೊಂಡು ಬಾಗಿಲವರೆಗೆ ಹೋಗುತ್ತಿದ್ದೆ. ಒಳಗಿನ ಮಿಷನ್ನಿನ ಟಣ್ ಟಣ್ ಕೇಳಿದ ಕೂಡಲೇ ಗೌನು ಬಿಚ್ಚಿ ವಾಪಸು ಬರುತ್ತಿದ್ದೆ. ನನ್ನ ಗಂಡ ಒಬ್ಬನೇ ಹೋಗಿ ಬರುತ್ತಿದ್ದ. ನಾನು ಎರಡು ಮಹಡಿಗಳ ನಡುವಿನ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದೆ.

ನೋಡಲು ಬಂದ ನೆಂಟರೊಬ್ಬರು, ಹೆತ್ತವಳಿಗೆ ಇಷ್ಟು ಕಲ್ಲು ಮನಸ್ಸೇ ಎಂದು ನನಗೆ ಕೇಳುವ ಹಾಗೇ ಹೇಳಿದರು. "ಕಲ್ಲಾಗಿದ್ರೆ ಒಳಗೆ ಹೋಗ್ತಿದ್ದೆ" ಅಂದೆ. ಅವರು ತಂದ ಹಣ್ಣು ಅಲ್ಲೇ ಇಟ್ಟು ಹೊರಟುಹೋದರು. ಬಾಯಿ ಇಷ್ಟು ಜೋರಿದ್ದರೂ ಒಳಗೊಳಗೆ ನನಗೆ ಒಂದೇ ಯೋಚನೆ. ಮಗಳಿಗೆ ಬುದ್ಧಿಯಿದೆ, ಕಿವಿಯಿದೆ, ಎಲ್ಲ ತಿಳಿಯುತ್ತದೆ, ಕೈಕಾಲು ಮತ್ತು ಉಸಿರು ಮಾತ್ರ ಅವಳ ಮಾತು ಕೇಳುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಕೇಳಿದ್ದಕ್ಕೆ ರೆಪ್ಪೆ ಬಡಿದು ಹೌದು ಅನ್ನುತ್ತಾಳೆ ಎಂದು ಗಂಡ ಬಂದು ಹೇಳುತ್ತಿದ್ದ. ಅಂದರೆ ಅಮ್ಮ ಬಂದಿಲ್ಲ ಅನ್ನುವುದೂ ಅವಳಿಗೆ ತಿಳಿಯುತ್ತದೆ.

ಒಂದು ಮಧ್ಯಾಹ್ನ ದೊಡ್ಡ ಸಿಸ್ಟರ್ ಆ ಮೆಟ್ಟಿಲಿಗೆ ಬಂದು, ಸೆರಗಿನ ತಂಟೆಯಿಲ್ಲದವರ ಹಾಗೆ ದೊಪ್ಪನೆ ನನ್ನ ಪಕ್ಕ ಕೂತರು. ಒಳಗೆ ಬನ್ನಿ ಎಂದು ಉಪದೇಶ ಮಾಡುತ್ತಾರೆಂದು ನಾನು ಮುಖ ಬಿಗಿದುಕೊಂಡೆ.

"ಕರೆಯಕ್ಕೆ ಬಂದಿಲ್ಲ ಕಣಮ್ಮ. ಕಾಲು ನೋಯ್ತಾ ಇದೆ, ಕೂತ್ಕೊಳಕ್ಕೆ ಬಂದೆ" ಎಂದು ಬನ್ನು ಮುರಿದು ಅರ್ಧ ನನ್ನ ಕೈಗಿಟ್ಟರು.

ಆಮೇಲೆ ದಿನವೂ ಬಂದರು. ಹೊಲಿಗೆ ಎಲ್ಲಿ ಕಲಿತದ್ದು, ಬ್ಲೌಸಿಗೆ ಎಷ್ಟು ಬಟ್ಟೆ ಬೇಕು, ಗಂಡ ಮನೆಯಲ್ಲಿ ಕೆಲಸ ಮಾಡುತ್ತಾರಾ, ಇಂಥದ್ದೇ ಮಾತು. ನಡುನಡುವೆ ಆ ಟಣ್ ಟಣ್ ಯಾವ ಮಿಷನ್ನಿನದು, ಯಾವಾಗ ಜೋರಾಗುತ್ತದೆ, ಜೋರಾದರೆ ಹೆದರಬೇಕಾದ್ದು ಯಾವುದು, ಬೇಡದ್ದು ಯಾವುದು ಎಂದು ಸೀರಿಯಲ್ ಕಥೆ ಹೇಳುವ ಹಾಗೆ ಹೇಳುತ್ತಿದ್ದರು. ಕೇಳಿ ಕೇಳಿ ಆ ಸದ್ದಿನ ಹೆದರಿಕೆ ಸ್ವಲ್ಪ ಇಳಿಯಿತು. ಆದರೂ ಕಾಲು ಏಳಲಿಲ್ಲ.

ಅವರ ಐಸಿಯುನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಮಗುವಿಗೂ ಏನಾದರೂ ಒಂದು ಕೆಲಸವನ್ನು ನರ್ಸುಗಳು ಮಾಡುತ್ತಿರಲಿಲ್ಲ, ಮನೆಯವರಿಗೇ ಬಿಡುತ್ತಿದ್ದರು. ಲಗ್ಗೆರೆಯಿಂದ ಬರುತ್ತಿದ್ದ ಅಪ್ಪನೊಬ್ಬ ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ ಮೇಲೆ ಕೆಲಸ ಮಾಡುವವನು. ಗ್ರೀಸು ಹತ್ತಿದ ಬೆರಳನ್ನು ಎಷ್ಟೋ ಹೊತ್ತು ತಿಕ್ಕಿ ತೊಳೆದು, ಮಗನ ಅಂಗಾಲಿಗೆ ಕ್ರೀಮು ಹಚ್ಚುವುದು ಅವನ ಕೆಲಸ. ಮೂಲೆ ಬೆಡ್ಡಿನ ತಾಯಿಗೆ ತುಟಿ ಒದ್ದೆ ಮಾಡುವ ಕೆಲಸ. ಕೆಲಸವಿಲ್ಲದೆ ಮಗುವಿನ ಪಕ್ಕ ನಿಂತವರು ಅತ್ತು ಹೊರಗೆ ಬರುತ್ತಾರೆ, ಕೆಲಸ ಇದ್ದವರು ಮಾಡಿ ಬರುತ್ತಾರೆ ಎಂದು ದೊಡ್ಡ ಸಿಸ್ಟರ್ ಹೇಳುತ್ತಿದ್ದರು. ನಮ್ಮ ಬೆಡ್ಡಿಗೆ ಯಾವ ಕೆಲಸ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇಲ್ಲಿ ನನ್ನ ಮಗಳ ಕೂದಲಿನ ವಿಷಯ ಹೇಳಬೇಕು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದವಳು ಅವಳು. ಮಗು ಆದರೆ ಮುಡಿ ಕೊಡಿಸುತ್ತೇನೆಂದು ನಮ್ಮತ್ತೆ ಮನೆದೇವರಿಗೆ ಹರಕೆ ಹೊತ್ತಿದ್ದರು. ಒಂದು ವರ್ಷ ತುಂಬುವಾಗ ಮಾವ ಹೋದರು, ಸೂತಕವಾಯಿತು. ಮೂರನೇ ವರ್ಷ ಲಾಕ್‌ಡೌನು. ಐದನೆಯದಕ್ಕೆ ಇನ್ನೇನೋ ಅಡ್ಡಿ. ಹೀಗೆ ಹುಟ್ಟಿದಂದಿನಿಂದ ಕತ್ತರಿ ಕಾಣದ ಕೂದಲು ಸೊಂಟದವರೆಗೆ ಇಳಿದಿತ್ತು. ಅದು ದೇವರದ್ದು, ದೇವರ ಸನ್ನಿಧಿಯಲ್ಲಿ ಬಿಟ್ಟು ಬೇರೆಲ್ಲೂ ಒಂದೆಳೆ ಕತ್ತರಿಸುವ ಹಾಗಿಲ್ಲ. ಬಾಚುವಾಗ ಉದುರಿದ್ದನ್ನೂ ಅತ್ತೆ ಹಳದಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು.

ಒಂದು ವಾರ ದಾಟಿತ್ತು. ಸಂಜೆಯ ಭೇಟಿಗೆ ಇನ್ನೂ ಹೊತ್ತಿರುವಾಗ ದೊಡ್ಡ ಸಿಸ್ಟರ್ ಮೆಟ್ಟಿಲಿಗೆ ಬಂದರು. ಈ ಸಲ ಕೂರಲಿಲ್ಲ.

"ನಿಮ್ಮ ಹುಡುಗಿ ತಲೆ ಪೂರ್ತಿ ಗಂಟಾಗಿದೆ. ದಿನವಿಡೀ ದಿಂಬಿನ ಮೇಲೇ ಅಲ್ವಾ. ಆ ಗಂಟು ಒತ್ತಿ ಹಿಂದೆ ಚರ್ಮ ಕೆಂಪಗಾಗ್ತಾ ಇದೆ. ಹಿಂಗೇ ಬಿಟ್ರೆ ಹುಣ್ಣಾಗತ್ತೆ. ಇವತ್ತು ಕತ್ತರಿಸಬೇಕು."

ಪಕ್ಕದಲ್ಲಿದ್ದ ಅತ್ತೆ ಎದ್ದೇ ನಿಂತರು. "ಬೇಡಿ ತಾಯಿ, ಅದು ದೇವರ ಮುಡಿ. ಮೊದಲೇ ಆಯಪ್ಪ ಕೋಪ ಮಾಡ್ಕೊಂಡಿದಾನೆ. ಈಗ ಕತ್ತರಿ ಹಾಕಿದ್ರೆ ನನ್ನ ಮಗು ಉಳಿಯಲ್ಲ."

"ಹಂಗಾದ್ರೆ ಯಾರಾದ್ರೂ ಸಿಕ್ಕು ಬಿಡಿಸಿ. ನಂಗೆ ಬರಲ್ಲ. ನನ್ನ ತಲೆ ನೋಡಿ, ಬಾಚಣಿಗೆ ಮುಟ್ಟಿ ಎಷ್ಟು ಕಾಲ ಆಯ್ತೋ" ಅಂದರು ದೊಡ್ಡ ಸಿಸ್ಟರ್.

ಅತ್ತೆಗೆ ಕೆಮ್ಮು, ಒಳಗೆ ಬಿಡುವಂತಿರಲಿಲ್ಲ. ಗಂಡ ಹಿಂದಿನ ದಿನ ತಾನೇ ಬಾಚಲು ಹೋಗಿ ಒಂದು ಗಂಟನ್ನು ನಾಲ್ಕು ಮಾಡಿ ಬಂದಿದ್ದ. ಮೂವರೂ ನನ್ನ ಕಡೆ ನೋಡಿದರು. ದೇವರ ಕೋಪದ ಮಾತು ನಾನು ಅಷ್ಟಾಗಿ ನಂಬುವವಳಲ್ಲ. ಆದರೆ ಆ ಮುಗ್ಧ ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದುದನ್ನು ನೋಡಲಾಗಲಿಲ್ಲ. ಮೇಲಾಗಿ ಅದು ನಾನು ದಿನಾ ಬೆಳಿಗ್ಗೆ ಮಂಡಿಯ ಮಧ್ಯೆ ಕೂರಿಸಿಕೊಂಡು, ಗುದ್ದಾಡಿ, ಬೈದು, ಎರಡು ಜಡೆ ಹಾಕಿ ಕಳಿಸುತ್ತಿದ್ದ ತಲೆ. ಅದಕ್ಕೆ ಬೇರೆ ಯಾರೋ ಕತ್ತರಿ ಹಾಕುವುದು ನನಗೇ ಸಹಿಸಲಾಗಲಿಲ್ಲ.

"ಕೊಬ್ಬರಿ ಎಣ್ಣೆ ತರಬಹುದಾ?" ಎಂದು ಕೇಳಿದೆ.

"ಸ್ವಲ್ಪ. ಹೊಸ ಬಾಟಲು" ಅಂದರು ದೊಡ್ಡ ಸಿಸ್ಟರ್.

ಒಳಗೆ ಹೋದದ್ದು ಹೇಗೆ ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಅವರು ನನ್ನ ಮುಂದೆ ನಡೆದರು. ನಾನು ಅವರ ಬೆನ್ನಿನ ಮೇಲೆ ಸೊಟ್ಟಗೆ ಹೋಗಿದ್ದ ಹೊಲಿಗೆಯನ್ನೇ ನೋಡುತ್ತ ಹೋದೆ. ಬೆಡ್ಡಿನ ತಲೆಯ ಕಡೆ ಒಂದು ಸ್ಟೂಲು ಹಾಕಿ, "ಮುಖದ ಕಡೆ ಬರೋದೇ ಬೇಡ, ಹಿಂದೆ ಕೂತ್ಕೊಳಿ, ಕೂದಲು ಮಾತ್ರ ನೋಡಿ" ಅಂದರು. ಆಮೇಲೆ ಬಗ್ಗಿ ಮಗಳಿಗೆ, "ಪುಟ್ಟಿ, ಅಮ್ಮ ಸಿಕ್ಕು ಬಿಡಿಸ್ತಾಳೆ. ಸ್ವಲ್ಪ ಎಳೆಯತ್ತೆ. ಆಯ್ತಾ?" ಅಂದರು. ಪ್ರತಿಯೊಂದಕ್ಕೂ ಹಾಗೇ, ಸೂಜಿಯಾಗಲಿ ಮಗ್ಗುಲು ಬದಲಿಸುವುದಾಗಲಿ, ಮೊದಲು ಹೇಳಿ ರೆಪ್ಪೆ ಬಡಿದ ಮೇಲೇ ಮುಟ್ಟುತ್ತಿದ್ದರು. ನಾನು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಕೆಳಗಿನ ತುದಿಯಿಂದ ಶುರು ಮಾಡಿದೆ.

ಸಿಕ್ಕು ಬಿಡಿಸುವುದು ನನಗೆ ಗೊತ್ತಿರುವ ಕೆಲಸ. ಕೂದಲಿನದಾದರೂ ದಾರದ್ದಾದರೂ ಒಂದೇ, ಎಳೆಯಬಾರದು, ಸಡಿಲ ಮಾಡುತ್ತ ಹೋಗಬೇಕು. ಸ್ವಲ್ಪ ಹೊತ್ತಿಗೆ ಕೈ ತನ್ನ ಪಾಡಿಗೆ ತಾನು ನಡೆಯತೊಡಗಿತು. ಬಾಯಿಯೂ ಶುರುವಾಯಿತು. ಎಷ್ಟು ಸಲ ಹೇಳಿದೀನಿ, ಮಲಗುವಾಗ ಜಡೆ ಬಿಚ್ಚಬೇಡ ಅಂತ, ನೋಡು ಈಗ ಹೇಗಾಗಿದೆ, ಎಂದು ಬೈಯುತ್ತಿದ್ದೇನೆ ಅನ್ನುವುದೂ ನನಗೆ ತಡವಾಗಿ ತಿಳಿಯಿತು. ದೊಡ್ಡ ಸಿಸ್ಟರ್ ತಡೆಯಲಿಲ್ಲ. ಪಕ್ಕದಲ್ಲಿ ಹೊಸದೊಂದು ಪ್ಲಾಸ್ಟಿಕ್ ಡಬ್ಬಿಯ ಸೀಲು ಒಡೆದು ಇಟ್ಟು, ಉದುರಿದ್ದೆಲ್ಲ ಇದರಲ್ಲಿ ಹಾಕಿ, ಅಜ್ಜಿಗೆ ಕೊಡೋಣ ಅಂದರು. ಅದು ಮೂತ್ರ ಪರೀಕ್ಷೆಗೆ ಕೊಡುವ ಡಬ್ಬಿ. ದೇವರ ಮುಡಿ ಯಾವುದರಲ್ಲಿ ಮನೆಗೆ ಬಂತೆಂದು ನಮ್ಮತ್ತೆಗೆ ಇವತ್ತಿನವರೆಗೂ ಹೇಳಿಲ್ಲ.

ನಡುನೆತ್ತಿಯ ಹಿಂದಿನ ಗಂಟು ಕಲ್ಲಾಗಿತ್ತು. ಅಲ್ಲಿ ಕೈ ತಪ್ಪಿ ಜೋರಾಗಿ ಎಳೆದುಬಿಟ್ಟೆ. ಎದುರಿಗೆ ನಿಂತು ಮಗಳ ಮುಖ ನೋಡುತ್ತಿದ್ದ ದೊಡ್ಡ ಸಿಸ್ಟರ್ ಥಟ್ಟನೆ ಬಗ್ಗಿದರು.

"ಇನ್ನೊಂದ್ ಸಲ ಎಳೀರಿ" ಅಂದರು.

ನನಗೆ ಅರ್ಥವಾಗಲಿಲ್ಲ.

"ಎಳೀರಮ್ಮ ಸುಮ್ನೆ. ಮುಖ ಸಿಂಡರಿಸಿದ್ಲು."

ಇನ್ನೊಂದು ಸಲ ಎಳೆದೆ. ಆಗ ನನಗೆ ತಡೆಯಲಾಗಲಿಲ್ಲ, ಎದ್ದು ಮುಂದೆ ಬಗ್ಗಿ ನೋಡಿದೆ. ಟ್ಯೂಬು, ಟೇಪು, ಎಲ್ಲದರ ನಡುವೆ ನನ್ನ ಮಗಳು ಹುಬ್ಬು ಗಂಟಿಕ್ಕಿ ನನ್ನನ್ನು ನೋಡುತ್ತಿದ್ದಳು. ಆ ದಿನಗಳಲ್ಲಿ ರೆಪ್ಪೆ ಬಿಟ್ಟರೆ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲವಂತೆ. ಅದು ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ನಾನು ನೋಡುತ್ತಿದ್ದ ಅದೇ ಸಿಟ್ಟು. ನನಗೆ ಅಳು, ನಗು, ಎರಡೂ ಒಟ್ಟಿಗೇ ಬಂತು. ದೊಡ್ಡ ಸಿಸ್ಟರ್ ಡಾಕ್ಟರನ್ನು ಕರೆಯಲು ಓಡಿದರು. ಅವರು ಬಂದು ಟಾರ್ಚು ಹಾಕಿ ನೋಡಿ, ಇಳಿಯಲು ಶುರುವಾಗಿರಬಹುದು ಅಂದರು. ಡಾಕ್ಟರುಗಳ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ ಎಂದು ಆಮೇಲೆ ದೊಡ್ಡ ಸಿಸ್ಟರ್ ಸಮಾಧಾನ ಹೇಳಿದರು.

ಅವತ್ತಿನಿಂದ ಎರಡು ಹೊತ್ತೂ ನಾನೇ. ಬೆಳಿಗ್ಗೆ ಬಾಚುವುದು, ಸಂಜೆ ಬಿಚ್ಚಿ ಸಡಿಲವಾಗಿ ಮತ್ತೆ ಹೆಣೆಯುವುದು. ಕುತ್ತಿಗೆಗೆ ಬಲ ಬಂತು, ಬೆರಳಿಗೂ ಬಂತು, ಒಂದು ದಿನ ಟ್ಯೂಬೂ ಹೊರಗೆ ಬಂತು. ಗೊಗ್ಗರು ದನಿಯಲ್ಲಿ ಅವಳು ಆಡಿದ ಮೊದಲ ಮಾತು "ಎಣ್ಣೆ ಜಾಸ್ತಿ ಆಯ್ತು" ಅಂತ. ವಾರ್ಡಿಗೆ ಕಳಿಸುವ ದಿನ ಬಾಗಿಲಲ್ಲಿ ಹಿಂತಿರುಗಿ ನೋಡಿದರೆ, ದೊಡ್ಡ ಸಿಸ್ಟರ್ ಮೂಲೆ ಬೆಡ್ಡಿನ ಹುಡುಗಿಗೆ ಚಕಚಕನೆ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದರು. ಬೈತಲೆ ನಾನು ತೆಗೆಯುವುದಕ್ಕಿಂತ ನೇರವಾಗಿತ್ತು.

"ಬರಲ್ಲ ಅಂದಿದ್ರಿ" ಎಂದು ಕೇಳಿದೆ.

"ಅದು ಬೇರೆ ತಲೆ ಕಣಮ್ಮ" ಎಂದು ಅವರು ಕೆಲಸ ಮುಂದುವರಿಸಿದರು.

ಮಗಳು ಮತ್ತೆ ನೆಟ್ಟಗೆ ನಡೆಯಲು ಬಹಳ ತಿಂಗಳು ಬೇಕಾಯಿತು. ಏಳು ತುಂಬಿದ ಮೇಲೆ ಮನೆದೇವರಿಗೆ ಮುಡಿ ಕೊಟ್ಟೆವು. ಬೋಳುತಲೆಯ ಫೋಟೋ ದೊಡ್ಡ ಸಿಸ್ಟರಿಗೆ ಕಳಿಸಿದೆ. ಅವರ ಸಮವಸ್ತ್ರಗಳನ್ನೆಲ್ಲ ತರಿಸಿಕೊಂಡು ಭುಜ ಸರಿ ಮಾಡಿಕೊಟ್ಟೆ. ಜೇಬು ಮಾತ್ರ ಮುಟ್ಟಬೇಡ ಅಂದರು. ಹೊಸ ತಾಯಂದಿರು ಯಾರಾದರೂ ಬಾಗಿಲಲ್ಲೇ ನಿಂತುಬಿಟ್ಟರೆ ನನಗೆ ಫೋನು ಬರುತ್ತಿತ್ತು, "ಬಿಡುವಿದ್ರೆ ಬಂದು ಹೋಗಮ್ಮ, ಮಗಳನ್ನೂ ಕರ್ಕೊಂಡು ಬಾ" ಅಂತ. ಸ್ಕೂಲ್ ಬ್ಯಾಗು ಹಾಕಿಕೊಂಡು ನಿಂತ ಇವಳನ್ನು ಆ ತಾಯಂದಿರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಇವಳಿಗೆ ಅದೊಂದು ದೊಡ್ಡಸ್ತಿಕೆ.

ಹೋದ ವರ್ಷ ದೊಡ್ಡ ಸಿಸ್ಟರ್ ತೀರಿಕೊಂಡರು. ಡ್ಯೂಟಿ ಮುಗಿಸಿ ಮನೆಗೆ ಹೋದವರಿಗೆ ಎದೆನೋವು ಬಂತಂತೆ. ಕೆಂಗೇರಿಯ ಆ ಸಣ್ಣ ಮನೆಯ ಮುಂದಿನ ರಸ್ತೆ ಪೂರ್ತಿ ಮಕ್ಕಳು, ಮಕ್ಕಳನ್ನು ಹಿಡಿದ ಅಪ್ಪ ಅಮ್ಮಂದಿರು. ಲಗ್ಗೆರೆಯ ಆ ಅಪ್ಪನೂ ಮಗನ ಜೊತೆ ಬಂದಿದ್ದ. ಯಾರ ಹೆಸರೂ ಯಾರಿಗೂ ಗೊತ್ತಿರಲಿಲ್ಲ, ಬಾಗಿಲ ಹತ್ತಿರದ ಬೆಡ್ಡು, ಮೂಲೆ ಬೆಡ್ಡು ಎಂದೇ ಮಾತಾಡಿಕೊಂಡೆವು...

ಮೊನ್ನೆ ಭಾನುವಾರ ಎಲ್ಲಿಗೋ ಹೊರಟಿದ್ದೆ. ಮಗಳು ಪುಸ್ತಕದಿಂದ ತಲೆಯೆತ್ತಿ, "ಅಮ್ಮ, ದುಪಟ್ಟಾ ಉಲ್ಟಾ ಹಾಕ್ಕೊಂಡಿದೀಯ. ಆಸ್ಪತ್ರೇಲಿದ್ದಾಗ್ಲೂ ಹಿಂಗೇ ಮಾಡಿದ್ದೆ" ಅಂದಳು.

"ಯಾವಾಗ?"

"ಮೊದಮೊದಲು. ಹಸಿರು ಚೂಡಿದಾರ. ಟೈಲರ್ ಆಗಿ ತಾನೇ ಉಲ್ಟಾ ಹಾಕ್ಕೊಂಡಿದಾಳೆ ಅಂತ ಸಿಸ್ಟರ್ ನಗ್ತಿದ್ರು."

ನಾನು ಅಲ್ಲೇ ಕೂತೆ. ಹಸಿರು ಚೂಡಿದಾರ ನಾನು ತೊಟ್ಟಿದ್ದು ಮೊದಲ ದಿನಗಳಲ್ಲಿ, ಮೆಟ್ಟಿಲ ಮೇಲೆ. ಒಳಗೆ ಹೋಗುವಷ್ಟರಲ್ಲಿ ಅದು ಮನೆಗೆ ಹೋಗಿ ಬಕೆಟ್ಟಿನಲ್ಲಿತ್ತು. ಇನ್ನೇನು ನೆನಪಿದೆ ಎಂದು ಕೇಳಿದೆ. ಕಾಫಿ ಬೇಡವೆಂದು ಹಟ ಮಾಡಿ ಆಮೇಲೆ ಅಪ್ಪನ ಲೋಟದಲ್ಲೇ ಕುಡಿದದ್ದು, ನೋಡಲು ಬಂದವರ ಜೊತೆ ಜಗಳವಾಡಿ ಅವರು ಹಣ್ಣು ಬಿಟ್ಟು ಓಡುವ ಹಾಗೆ ಮಾಡಿದ್ದು, ಗೋಡೆಗೆ ಒರಗಿ ಗೊರಕೆ ಹೊಡೆದದ್ದು, ಎಲ್ಲ ಹೇಳಿದಳು. ಕಣ್ಣಾರೆ ಕಂಡವಳ ಹಾಗೆ ಹೇಳಿದಳು. ಸಿಸ್ಟರ್ ದಿನಕ್ಕೆ ಎಷ್ಟೋ ಸಲ ಬಂದು, ನಿಮ್ಮಮ್ಮ ಈಗ ಏನು ಮಾಡ್ತಿದಾಳೆ ಗೊತ್ತಾ ಎಂದು ಕಿವಿಯ ಹತ್ತಿರ ಬಗ್ಗಿ ವರದಿ ಒಪ್ಪಿಸುತ್ತಿದ್ದರಂತೆ. ಕಾಲು ನೋಯುತ್ತದೆಂದು ಅವರು ಮೆಟ್ಟಿಲಿಗೆ ಬಂದು ಕೂರುತ್ತಿದ್ದುದು ಇದಕ್ಕೆ.

"ನಾನು ಅಷ್ಟು ದಿನ ಒಳಗೆ ಬರದೇ ಇದ್ದಾಗ ನಿಂಗೆ ಬೇಜಾರಾಗಿರ್ಲಿಲ್ವೇನೇ?" ಎಂದು ಕೇಳಿದೆ. ಇಷ್ಟು ವರ್ಷ ಕೇಳಲು ಬಾಯಿ ಬಂದಿರಲಿಲ್ಲ.

ಅವಳು ನಿಜವಾಗಿಯೂ ಯೋಚಿಸಿದಳು. "ನೀನು ಬರದೇ ಇದ್ದಿದ್ದು ಯಾವಾಗ?" ಅಂದಳು.

ನಾನು ಫೋನು ಕೈಗೆತ್ತಿಕೊಂಡೆ. ಅವರ ನಂಬರು ಇನ್ನೂ ಅದರಲ್ಲಿದೆ, ಅಳಿಸಿಲ್ಲ. ಇಂಥ ಮಾತು ಸಿಕ್ಕಿದ್ದರೆ ಅವರು ಪೂರ್ತಿ ಬಿಡಿಸಿ ಬಿಡಿಸಿ ಕೇಳದೆ ಬಿಡುತ್ತಿರಲಿಲ್ಲ. ಈಗ ಹೇಳಿಕೊಳ್ಳಲು ಆ ಕಡೆ ಅವರಿಲ್ಲ. ಮಗಳನ್ನೇ ಹತ್ತಿರ ಕೂರಿಸಿಕೊಂಡು, ಸಿಸ್ಟರ್ ಇನ್ನೂ ಏನೇನು ಹೇಳಿದ್ದರು ಹೇಳು ಅಂದೆ.